ಪೆಟ್ಟಿಗೆಯ ತಳದಲ್ಲಿದ್ದ ಅರ್ಜಿ

ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವವರು ಅವಸರ ಮಾಡುವ ಹಾಗಿಲ್ಲ. ಬಲಿತ ತೆಂಗಿನಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿದರೆ ಹತ್ತು ಹನ್ನೊಂದು ತಿಂಗಳು ಅದರ ತಂಟೆಗೆ ಹೋಗಬಾರದು. ಕೆಳಗೆ ಒಲೆ ಉರಿಯುತ್ತಿರುತ್ತದೆ, ಮೇಲೆ ಕಾಯಿ ಒಣಗುತ್ತಿರುತ್ತದೆ. ಮೊದಮೊದಲು ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ನೀರಿನ ಸದ್ದು ಕೇಳುತ್ತದೆ. ನಡುವೆ ಒಂದಷ್ಟು ತಿಂಗಳು ಏನೂ ಕೇಳುವುದಿಲ್ಲ. ಆಮೇಲೆ ಯಾವತ್ತೋ ಒಂದು ದಿನ ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಲೊಡಲೊಡ ಎನ್ನುತ್ತದೆ. ಆಗ ಇಳಿಸಬೇಕು. ಮೊದಲೇ ಒಡೆದರೆ ಗಿಟುಕು, ಅಂದರೆ ಒಳಗಿನ ಒಣಗಿದ ಉಂಡೆ, ಇಡಿಯಾಗಿ ಬರುವುದಿಲ್ಲ, ಚೂರಾಗುತ್ತದೆ.

ನನ್ನ ಮಗ ಕೊನೆಯ ಸಲ ರಜೆಗೆ ಬಂದಾಗ ಅಟ್ಟ ತುಂಬಿಸಿ ಹೋದ. ಅವನು ಸೈನ್ಯದಲ್ಲಿ ನಾಯಕ್ ಆಗಿದ್ದ, ತೋಳಿನ ಮೇಲೆ ಎರಡು ಪಟ್ಟಿ. ಮದುವೆಯಾಗಿ ವರ್ಷವೂ ಆಗಿರಲಿಲ್ಲ. ಅವನು ಕೆಳಗಿನಿಂದ ಒಂದೊಂದೇ ಕಾಯಿ ಎಸೆಯುವುದು, ಅವನ ಹೆಂಡತಿ ಅಟ್ಟದ ಬಾಯಲ್ಲಿ ಕುಳಿತು ಹಿಡಿಯುವುದು. "ಏ, ಕ್ಯಾಚು ಬಿಟ್ರೆ ಔಟು ಕಣೇ," ಎಂದು ಅವನು ರೇಗಿಸುತ್ತಿದ್ದ. ಅವಳು ಒಂದೂ ಬಿಡಲಿಲ್ಲ. ಅವನೇ ಎರಡು ಸಲ ನನ್ನ ಒಲೆಯ ಮೇಲಕ್ಕೆ ಬೀಳುವ ಹಾಗೆ ಎಸೆದು ನನ್ನಿಂದ ಬೈಸಿಕೊಂಡ.

ಐದು ತಿಂಗಳ ಮೇಲೆ ಬೆಟ್ಟದ ರಸ್ತೆಯಲ್ಲಿ ಅವರ ಲಾರಿ ಕಮರಿಗೆ ಜಾರಿತು. ಡ್ಯೂಟಿಯ ಮೇಲಿದ್ದಾಗ ಹೋದ. ಇಷ್ಟು ಬರೆಯಲು ನನಗೆ ಮೂರು ದಿನ ಹಿಡಿದಿದೆ. ಅವನ ಹೆಸರು ಬರೆಯಲು ಹೋದರೆ ಕೈ ನಿಲ್ಲುತ್ತದೆ, ಆದ್ದರಿಂದ ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ನಾನು ಓದಿದ್ದು ಏಳನೇ ತರಗತಿ. ಬರೆದು ಅಭ್ಯಾಸವಿಲ್ಲ. ಆದರೆ ನನ್ನ ಸೊಸೆಯ ವಿಷಯವನ್ನು ಯಾರಾದರೂ ಬರೆದಿಡಬೇಕು ಅನ್ನಿಸಿತು. ನೋಡಿದವಳು ನಾನು.

ಅವನನ್ನು ಊರಿಗೆ ತಂದ ದಿನ ಜೊತೆಗೆ ಬಂದ ತುಕಡಿಗೆ ಮುಂದಾಳಾಗಿ ಒಬ್ಬ ಹೆಣ್ಣುಮಗಳು ಬಂದಿದ್ದಳು. ನನ್ನ ಭುಜದಷ್ಟು ಎತ್ತರ. ಭುಜದ ಮೇಲೆ ನಕ್ಷತ್ರಗಳು. ಅವಳು ಜೋರಾಗಿ ಕೂಗಿದ್ದು ನಾನು ಕೇಳಲಿಲ್ಲ. ಏನೋ ಒಂದು ಮಾತು ಹೇಳಿದಳು, ಅಷ್ಟೂ ಗಂಡಸರು ಒಟ್ಟಿಗೆ ತಿರುಗಿದರು. ಆ ದಿನದ ಮಿಕ್ಕಿದ್ದೆಲ್ಲ ನನಗೆ ಹೊಗೆಯ ಹಾಗೆ ನೆನಪು, ಅದೊಂದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಮಡಿಸಿದ ಬಾವುಟವನ್ನು ಸೊಸೆಯ ಕೈಗೆ ಕೊಡುವಾಗ ಅವಳು ಸೊಸೆಯ ಕಣ್ಣನ್ನೇ ನೋಡಿದಳು. ಸೊಸೆಯೂ ನೋಡಿದಳು. ನಮ್ಮೂರಿನ ಯಾವ ಹೆಂಗಸೂ ಆ ದಿನ ಸೊಸೆಯ ಮುಖ ನೋಡಿರಲಿಲ್ಲ.

ಕಾರ್ಯ ಮುಗಿದ ಮೇಲೆ ಮಾದಿಹಳ್ಳಿಯಿಂದ ಬೀಗರು ಮಗಳನ್ನು ಕರೆದುಕೊಂಡು ಹೋಗಲು ಬಂದರು. ಮಕ್ಕಳಿರಲಿಲ್ಲ, ಇಪ್ಪತ್ತೆರಡು ವರ್ಷದ ಹುಡುಗಿ, ಯಾವ ಬಾಯಲ್ಲಿ ಬೇಡ ಎನ್ನಲಿ? ಅವಳೇ, "ಅಟ್ಟದ ಕಾಯಿ ಇಳಿಸೋಗಂಟ ಇಲ್ಲೇ ಇರ್ತೀನಿ ಅಪ್ಪಾಜಿ," ಎಂದಳು. ಬೀಗರು ನನ್ನ ಮುಖ ನೋಡಿದರು. ನಾನು ಅಟ್ಟ ನೋಡಿದೆ.

ಹನ್ನೊಂದನೆಯ ತಿಂಗಳು ಬಂತು. ನಮ್ಮ ಯಜಮಾನರು ಅಟ್ಟ ಹತ್ತಲಿಲ್ಲ. "ಇನ್ನೂ ಆಗಿಲ್ಲ ಬಿಡು," ಎನ್ನುತ್ತಿದ್ದರು, ಒಂದು ಕಾಯಿಯನ್ನೂ ಅಲ್ಲಾಡಿಸಿ ನೋಡದೆ. ಒಂದು ಬೆಳಿಗ್ಗೆ ಅವರು ತೋಟಕ್ಕೆ ಹೋದ ಮೇಲೆ ಸೊಸೆ ಸೆರಗು ಸಿಕ್ಕಿಸಿ ಏಣಿ ಹತ್ತಿದಳು. ಸಂಜೆಯ ತನಕ ಇಳಿಯಲಿಲ್ಲ. ಒಂದು ಕಾಯಿ ಎತ್ತುವುದು, ಕಿವಿಗೆ ಹಿಡಿದು ಅಲ್ಲಾಡಿಸುವುದು, ಕೆಳಗೆ ಬಿಡುವುದು. ಒಂದೊಂದೂ ಅವನು ಮುಟ್ಟಿ ಎಸೆದ ಕಾಯಿ, ಅವಳು ಹಿಡಿದ ಕಾಯಿ. ನಾನು ಕೆಳಗೆ ಗೋಣಿಚೀಲ ಹರಡಿ ನಿಂತು ಆ ಸದ್ದು ಕೇಳುತ್ತಿದ್ದೆ.

ಕೊನೆಗೆ ಇಳಿದು ಬಂದಳು. ತಲೆಯ ತುಂಬ ಮಸಿ, ಜೇಡರ ಬಲೆ. ನೀರು ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು, "ಅತ್ತೆ, ನಾನು ಸೈನ್ಯಕ್ಕೆ ಸೇರ್ತೀನಿ. ಆಫೀಸರಾಗಿ," ಎಂದಳು.

ಯಜಮಾನರು ಬಾಗಿಲಲ್ಲೇ ನಿಂತಿದ್ದರು. "ಒಬ್ಬನ್ನ ಕಳ್ಸಿದ್ದು ಸಾಲ್ದೇನವ್ವ?" ಎಂದಷ್ಟೇ ಹೇಳಿ ಹಿತ್ತಲಿಗೆ ಹೋದರು.

ಮೂರು ದಿನ ಅವರು ಸೊಸೆಯ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ತಾವೇ, "ಅರಸೀಕೆರೇಲಿ ನಮ್ ಸುಬೇದಾರ್ರು ಅವ್ರಲ್ಲ, ಕೇಳ್ಕೊಂಡಾದ್ರೂ ಬರಾಣ ನಡೀರಿ," ಎಂದರು. ಆ ಸುಬೇದಾರರು ನಿವೃತ್ತರಾಗಿ ಹತ್ತು ವರ್ಷವಾಗಿತ್ತು. ಮಗನನ್ನು ಸೈನ್ಯದ ರ‍್ಯಾಲಿಗೆ ಓಡಿಸಿ ತಯಾರು ಮಾಡಿದವರು ಅವರೇ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿಯ ಮೇಲಿನ ಕೋಣೆಯಲ್ಲಿ ಕುಳಿತು ಮಾಜಿ ಸೈನಿಕರ ಕಾಗದಪತ್ರ ನೋಡಿಕೊಡುತ್ತಿದ್ದರು.

"ಏನ್ ಓದಿದ್ದೀಯಮ್ಮ?"

"ಬಿಎಸ್‌ಸಿ ಸರ್. ಬೇಲೂರು ಕಾಲೇಜು."

"ವಯಸ್ಸು?"

"ಇಪ್ಪತ್ಮೂರು ತುಂಬೈತೆ."

ಸುಬೇದಾರರು ಬಲಗೈಯ ಐದು ಬೆರಳನ್ನೂ ಬಿಡಿಸಿ ಮೇಜಿನ ಮೇಲೆ ಊರಿದರು. "ನೋಡು, ಆಫೀಸರ್ ಆಗೋಕೆ ದಾರಿ ಒಂದಲ್ಲ. ಪಿಯುಸಿ ಮುಗಿಸಿ ಹೋಗೋದು ಒಂದು. ಈಗ ಹೆಣ್ಮಕ್ಳಿಗೂ ಬಿಟ್ಟವ್ರೆ. ನಿಂಗೆ ವಯಸ್ಸು ದಾಟೋಯ್ತು." ಕಿರುಬೆರಳು ಮಡಿಸಿದರು. "ಎರಡನೇದು, ಕಾಲೇಜಲ್ಲಿ ಎನ್‌ಸಿಸಿ ಮಾಡಿರೋರಿಗೆ. ಮಾಡಿದ್ಯಾ?"

"ಸಿ ಸರ್ಟಿಫಿಕೇಟ್ ಐತೆ ಸರ್."

"ಭೇಷ್! ಪರೀಕ್ಷೆನೇ ಇಲ್ಲ, ಸೀದಾ ಐದು ದಿನದ ಇಂಟರ್‌ವ್ಯೂಗೆ ಕರೀತಾರೆ. ಆದ್ರೆ ಅದು ಮದುವೆ ಆಗ್ದೇ ಇರೋರಿಗೆ ಕಣಮ್ಮ." ಉಂಗುರದ ಬೆರಳು ಮಡಿಸಿದರು. ಸೊಸೆ ತಲೆ ತಗ್ಗಿಸಿದಳು. ಯಾಕೆ ಎಂದು ನನಗೆ ಆಗ ತಿಳಿಯಲಿಲ್ಲ. "ಮೂರನೇದು ಸಿಡಿಎಸ್ ಪರೀಕ್ಷೆ. ಡಿಗ್ರಿ ಆದೋರು ಬರೀಬೋದು. ಮದುವೆ ಆದೋರಿಗಿಲ್ಲ, ಆದ್ರೆ ಮಕ್ಳಿಲ್ದೆ ಗಂಡನ್ನ ಕಳ್ಕೊಂಡೋರಿಗೆ ಐತೆ. ಲಕ್ಷಾಂತರ ಜನ ಬರೀತಾರೆ. ಇಪ್ಪತ್ತೈದರೊಳಗೆ ಆಗ್ಬೇಕು. ನಾಲ್ಕನೇದು..." ಅಲ್ಲಿ ಅವರು ನಮ್ಮ ಯಜಮಾನರ ಕಡೆ ನೋಡಿದರು. "ನಾಲ್ಕನೇದು ಸರ್ವಿಸಲ್ಲಿದ್ದಾಗ ತೀರ್ಕೊಂಡೋರ ಹೆಂಡ್ತೀರಿಗೆ ಅಂತ್ಲೇ ಇರೋದು. ಸೀಟು ಬಲು ಕಮ್ಮಿ. ಆದ್ರೆ ಪರೀಕ್ಷೆ ಇಲ್ಲ, ಮೂವತ್ತೈದರ ತನ್ಕ ಟೈಮು."

"ಹೆಬ್ಬೆಟ್ಟು ಉಳೀತಲ್ಲ?" ಎಂದರು ನಮ್ಮ ಯಜಮಾನರು.

"ಅದು ನಮ್ ನಿಮ್ಮಂಥೋರು ಒತ್ತೋಕೆ ಕಣಪ್ಪ!"

ಎಷ್ಟೋ ತಿಂಗಳ ಮೇಲೆ ನಮ್ಮ ಯಜಮಾನರು ನಕ್ಕಿದ್ದು ಅವತ್ತು. ನಕ್ಕು, ನಕ್ಕದ್ದಕ್ಕೆ ನಾಚಿಕೊಂಡು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಮೂರೋ ನಾಲ್ಕೋ ಎನ್ನುವುದನ್ನು ಸೊಸೆ ಹೇಳುವ ಮೊದಲೇ ನಾನು ಹೇಳಿದೆ. ನಾಲ್ಕನೆಯದೇ ಆಗಬೇಕು. ಪರೀಕ್ಷೆ ಇಲ್ಲ ಎಂದಲ್ಲ. ಆ ಅರ್ಜಿಯಲ್ಲಿ ಅವನ ಹೆಸರು, ಅವನ ನಂಬರು, ಅವನ ರೆಜಿಮೆಂಟು ಬರೆಯುವ ಜಾಗವಿತ್ತು. ನನ್ನ ಮಗನ ಹೆಸರನ್ನು ಸರ್ಕಾರ ಇನ್ನೊಂದು ಸಲ ಕೇಳುತ್ತಿದೆ ಎನ್ನುವುದೇ ನನಗೆ ದೊಡ್ಡದಾಗಿತ್ತು. ಸೊಸೆ ಸುಬೇದಾರರು ಮಡಿಸಿದ್ದ ಬೆರಳನ್ನೇ ನೋಡುತ್ತಾ, "ಆಯ್ತು ಅತ್ತೆ," ಎಂದಳು.

ಅಲ್ಲಿಂದ ಅವಳ ಓಟ ಶುರುವಾಯಿತು. ಊರಲ್ಲಿ ಓಡಿದರೆ ಬಾಯಿಗಳಿಗೆ ಕೆಲಸ ಸಿಗುತ್ತದೆ ಎಂದು ಮೊದಲ ಬಸ್ಸಿಗೆ ಹಳೇಬೀಡಿಗೆ ಹೋಗುತ್ತಿದ್ದೆವು. ಅವಳು ಕೆರೆಯ ಏರಿಯ ಮೇಲೆ ಓಡುವುದು, ನಾನು ನೀರಿನ ಬಾಟಲಿ, ಮಗನ ಗಡಿಯಾರ ಹಿಡಿದು ಕೂರುವುದು. ದೇವಸ್ಥಾನ ತೋರಿಸುವ ಗೈಡೊಬ್ಬರು ದಿನಾ ನೋಡಿ ನೋಡಿ ಒಂದು ದಿನ ತಡೆಯಲಾರದೆ ಕೇಳಿದರು.

"ಅಮ್ಮೋ, ಸೊಸೇನ ಯಾಕಂಗೆ ಓಡಿಸ್ತೀರಿ? ಅಂಥಾ ಏನ್ ತಪ್ಪು ಮಾಡವ್ಳೆ?"

"ನಾನೆಲ್ಲಪ್ಪ ಓಡಿಸ್ತಿದ್ದೀನಿ? ಅವಳೇ ನನ್ನ ಎಬ್ಬಿಸ್ಕೊಂಡು ಬತ್ತಾವ್ಳೆ."

ಅವರು ಕಾರಣ ಕೇಳಿದರು, ಹೇಳಿದೆ. ಮಾರನೆಯ ದಿನದಿಂದ ಅವಳು ಏರಿಯ ತುದಿ ಮುಟ್ಟಿ ತಿರುಗಿದಾಗಲೆಲ್ಲ ಆ ಮನುಷ್ಯ ನಿಂತಲ್ಲೇ ಕೈ ಎತ್ತುತ್ತಿದ್ದರು.

ಒಂದು ದಿನ ಓಡಿ ದಣಿದ ಮೇಲೆ ಅವಳು ನನ್ನನ್ನು ದೇವಸ್ಥಾನದ ಹೊರಗೋಡೆಯ ಸುತ್ತ ಕರೆದುಕೊಂಡು ಹೋದಳು. ಮದುವೆಯಾಗಿ ಬಂದಾಗಿನಿಂದ ನಾನು ಅಲ್ಲಿಗೆ ಎಷ್ಟು ಸಲ ಹೋಗಿಲ್ಲ! ಒಳಗೆ ಹೋಗಿ ಕೈ ಮುಗಿದು ಬರುವುದಷ್ಟೇ. ಗೋಡೆ ನೋಡಿರಲಿಲ್ಲ. ಬುಡದಲ್ಲಿ ಆನೆಗಳ ಸಾಲು, ಮೇಲೆ ಕುದುರೆಯ ಮೇಲಿನ ಸವಾರರು, ಸಾಲು ಮುಗಿಯುವುದೇ ಇಲ್ಲ. "ಅತ್ತೆ, ನೋಡಿ, ಒಂದು ಆನೆ ಇನ್ನೊಂದರ ಥರ ಇಲ್ಲ," ಎಂದಳು. ನೋಡಿದೆ. ಇರಲಿಲ್ಲ. ಒಂದು ಸೊಂಡಿಲು ಎತ್ತಿದೆ, ಒಂದು ಮುಂದಿನದರ ಬಾಲ ಎಳೆಯುತ್ತಿದೆ. ಇಷ್ಟು ವರ್ಷ ಕಣ್ಣಿದ್ದೂ ಎಲ್ಲಿ ಇಟ್ಟಿದ್ದೆ ಎಂದುಕೊಂಡೆ. ಬಿಸಿಲು ಏರುವ ತನಕ ಇಬ್ಬರೂ ಆ ಸಾಲಿನ ಜೊತೆ ನಡೆದೆವು.

ಇಂಟರ್‌ವ್ಯೂಗೆ ಕರೆ ಬಂತು, ಬೆಂಗಳೂರಿನಲ್ಲಿ. ಅವಳನ್ನು ತಯಾರು ಮಾಡುವ ಜವಾಬ್ದಾರಿ ನಾನು ವಹಿಸಿಕೊಂಡೆ. ಈಗ ನೆನೆದರೆ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ. ನನಗೆ ಗೊತ್ತಿದ್ದ ಇಂಟರ್‌ವ್ಯೂ ಎಂದರೆ ಹೆಣ್ಣು ನೋಡುವ ಶಾಸ್ತ್ರ ಒಂದೇ. ನನ್ನ ಅತ್ತೆ ನನ್ನನ್ನು ನೋಡಲು ಬಂದಾಗ ನನ್ನ ಅವ್ವ ಹೇಳಿಕೊಟ್ಟದ್ದನ್ನೇ, ನನ್ನ ಮಗಳನ್ನು ತಿಪಟೂರಿನವರು ನೋಡಲು ಬಂದಾಗ ನಾನು ಹೇಳಿಕೊಟ್ಟದ್ದನ್ನೇ ಇವಳಿಗೂ ಹೇಳಿಕೊಟ್ಟೆ. ಮೊದಲು ಯಾರ ಮನೆಯವಳು ಅಂತ ಹೇಳು. ಕೇಳಿದಷ್ಟಕ್ಕೆ ಉತ್ತರ ಕೊಡು. 'ನಾನು, ನಾನು' ಅನ್ನಬೇಡ, ಜಂಬ ಅಂದುಕೊಳ್ತಾರೆ. ಯಾಕೆ ಬಂದೆ ಅಂತ ಕೇಳಿದರೆ ನನ್ನ ಗಂಡನ ಆಸೆ ಅನ್ನು. ಅಡುಗೆಮನೆಯಲ್ಲಿ ಮಣೆ ಹಾಕಿ ನಾನೇ ಆಫೀಸರಾಗಿ ಕೂತು ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಬಾಯಿಪಾಠ ಮಾಡಿಸಿದೆ. ಅವಳು ಒಂದು ಮಾತೂ ಎದುರಾಡದೆ ಕಲಿತಳು.

ಆರನೆಯ ದಿನ ರೈಲಿನಿಂದ ಇಳಿದಳು. ಅರಸೀಕೆರೆ ಸ್ಟೇಷನ್ನಿನಲ್ಲಿ ನಾನು ಕಾಯುತ್ತಿದ್ದೆ. ಆಯ್ಕೆಯಾಗಲಿಲ್ಲ ಎಂದು ಅವಳು ಬ್ಯಾಗು ಹಿಡಿದಿದ್ದ ರೀತಿಯಲ್ಲೇ ಗೊತ್ತಾಯಿತು. ಹಳೇಬೀಡಿನ ಬಸ್ಸು ಹತ್ತಿದೆವು, ಜಾವಗಲ್ ದಾಟಿತು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು.

ಒಂದೊಂದು ಪದ ತೋರಿಸುತ್ತಾರಂತೆ, ಕಾಲು ನಿಮಿಷದಲ್ಲಿ ಮನಸ್ಸಿಗೆ ಬಂದದ್ದನ್ನು ಬರೆಯಬೇಕಂತೆ. ಇವಳು ಯಾವ ಪದಕ್ಕೂ ಗಂಡನ ವಿಷಯವನ್ನೇ ಬರೆದಳಂತೆ. ಇಂಟರ್‌ವ್ಯೂ ಮಾಡಿದ ಅಧಿಕಾರಿ ವಯಸ್ಸಾದವರು, ಮೃದು ಮನುಷ್ಯ. ಊರು, ಕಾಲೇಜು, ದಿನದ ಕೆಲಸ, ಇಷ್ಟವಾದದ್ದು, ಎಲ್ಲ ಕೇಳಿದರಂತೆ. ಎಲ್ಲದಕ್ಕೂ ಇವಳು 'ನನ್ನ ಯಜಮಾನರು' ಎಂದೇ ಶುರು ಮಾಡಿದಳಂತೆ. ಕೊನೆಗೆ ಅವರು ಪೆನ್ನು ಕೆಳಗಿಟ್ಟು, ಮುಕ್ಕಾಲು ಗಂಟೆಯಲ್ಲಿ ನಿಮ್ಮ ಗಂಡನನ್ನು ನಾನು ಚೆನ್ನಾಗಿ ತಿಳಿದುಕೊಂಡೆ ಮಗಳೇ, ಒಳ್ಳೆಯ ಸೈನಿಕ, ನಿಮ್ಮನ್ನು ಮಾತ್ರ ಇನ್ನೂ ಭೇಟಿಯಾಗಲಿಲ್ಲ ಎಂದರಂತೆ.

"ಅದಕ್ಕೆ ಏನಂದೆ?"

"ಏನ್ ಹೇಳ್ಬೇಕು ಅಂತ ಹೊಳೀಲಿಲ್ಲ ಅತ್ತೆ. ನೀವು ಅದನ್ನ ಹೇಳ್ಕೊಟ್ಟಿರ್ಲಿಲ್ಲ."

ತಮಾಷೆಗೆ ಹೇಳಿದಳೋ, ನೋವಿಗೆ ಹೇಳಿದಳೋ ಗೊತ್ತಾಗಲಿಲ್ಲ. ಎರಡೂ ಇತ್ತು ಅನ್ನಿಸುತ್ತದೆ.

ಆಮೇಲೆ ಕೆಲವು ತಿಂಗಳು ಆ ಮಾತೇ ಇಲ್ಲ. ಓಡುವುದು ನಿಂತಿತು. ಊರಿನಲ್ಲಿ ಸುದ್ದಿ ಹರಡಿತ್ತು. ನಮ್ಮೂರ ಬಾಗಿಲಲ್ಲಿ ಒಂದು ಮಾಸ್ತಿಕಲ್ಲಿದೆ. ಯಾವ ಕಾಲದ್ದೋ, ಯುದ್ಧದಲ್ಲಿ ಸತ್ತವನ ಜೊತೆ ಬೆಂಕಿಗೆ ಹೋದವಳ ಕಲ್ಲು. ಕಂಬದಿಂದ ಒಂದು ಕೈ ಮೇಲಕ್ಕೆ ಎದ್ದಿದೆ, ಕೈ ತುಂಬ ಬಳೆ. ಮುತ್ತೈದೆಯರು ಅರಿಸಿನ ಹಚ್ಚುತ್ತಾರೆ. ಅದರ ಎದುರು ಸಿಕ್ಕ ನಮ್ಮ ಬೀದಿಯ ಮುದುಕಿಯೊಬ್ಬಳು ಸೊಸೆಗೆ, "ಆಫೀಸರಮ್ಮ ವಾಪಸ್ ಬಂದ್ಬುಟ್ರಾ? ಗಂಡ ಸತ್ತೋಳು ಹೆಂಗಿರ್ಬೇಕು ಅಂತ ಈ ಮಾಸ್ತಮ್ಮನ ನೋಡಿ ಕಲೀಬೇಕು ಕಣವ್ವ," ಎಂದಳು. ಸೊಸೆ ಆ ಕಲ್ಲನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು. "ಅಜ್ಜಿ, ಇವಳು ಕೈ ಎತ್ತಿರೋದು ನೋಡಿದ್ರೆ, ಕ್ಲಾಸಲ್ಲಿ ಉತ್ತರ ಗೊತ್ತಿರೋಳು ಎತ್ತೋ ಹಂಗೈತೆ. ಯಾರೂ ಕೇಳಲಿಲ್ಲ ಅಷ್ಟೇ," ಎಂದು ಮುಂದೆ ನಡೆದಳು. ಮುದುಕಿ ನನ್ನ ಕಡೆ ತಿರುಗಿದಳು. ನಾನು ಸೊಸೆಯ ಹಿಂದೆ ಹೆಜ್ಜೆ ಹಾಕಿದೆ.

ಸುಬೇದಾರರ ಫೋನ್ ಬಂತು. ಎರಡೂ ದಾರಿಗೆ ಅರ್ಜಿ ಕರೆದಿದ್ದಾರೆ ಎಂದರು. "ನಾಲ್ಕನೇದಕ್ಕೇ ಮತ್ತೆ ಹಾಕ್ಸಿ. ಟೈಮ್ ಬೇಕಾದಷ್ಟೈತೆ. ಮೂರನೇದಾದ್ರೆ ಇವಳ ವಯಸ್ಸಿಗೆ ಇದೊಂದೇ ಸಲ. ಅಲ್ಲೂ ಹೋಯ್ತು, ಇಲ್ಲೂ ಹೋಯ್ತು ಅಂತ ಮನಸ್ಸು ಮುರ್ಕೊಂಡ್ರೆ ಕಷ್ಟ ಕಣಮ್ಮ." ನಾನು ಹೂಂ ಎಂದೆ. ಮೊದಲ ಸಲ ಕಳಿಸಿದ ಹಾಗೆ ಮಾರ್ಕ್ಸ್ ಕಾರ್ಡು ಬೇಕಿತ್ತು. ಸೊಸೆ ಮಾದಿಹಳ್ಳಿಗೆ ಅವ್ವನನ್ನು ನೋಡಲು ಹೋಗಿದ್ದಳು. ಫೋನಿನಲ್ಲೇ, "ನನ್ನ ಪೆಟ್ಟಿಗೇಲೈತೆ, ತಗೊಳ್ಳಿ ಅತ್ತೆ," ಎಂದಳು.

ಮಾರ್ಕ್ಸ್ ಕಾರ್ಡು ಮೇಲೇ ಇತ್ತು. ತಳಕ್ಕೆ ಹಾಸಿದ್ದ ಹಳೆಯ ಪೇಪರು ಒಂದು ಕಡೆ ಉಬ್ಬಿತ್ತು. ಯಾಕೆ ಎತ್ತಿದೆನೋ. ಅದರ ಕೆಳಗೆ ಒಂದು ಅರ್ಜಿ. ಪೂರ್ತಿ ತುಂಬಿದ್ದು, ಮೂಲೆಯಲ್ಲಿ ಎನ್‌ಸಿಸಿ ಟೋಪಿ ಹಾಕಿದ ಅವಳ ಫೋಟೋ, ಕೆಳಗೆ ಪ್ರಿನ್ಸಿಪಾಲರ ರುಜು, ಸೀಲು. ನನಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತದೆ. ಕೂಡಿಸಿ ಓದಿದೆ. ಸುಬೇದಾರರು ಮಡಿಸಿದ ಎರಡನೆಯ ಬೆರಳಿನ ಅರ್ಜಿ ಅದು. ಎಲ್ಲಿಗೂ ಹೋಗದೆ ಉಳಿದದ್ದು. ತಾರೀಕು ನೋಡಿದೆ. ನಾವು ಮಾದಿಹಳ್ಳಿಗೆ ಹೆಣ್ಣು ನೋಡಲು ಹೋದ ವಾರದ್ದು.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಅವರ ನಡುಮನೆಯ ಗೋಡೆಯ ಮೇಲೆ ಇದೇ ಟೋಪಿ ಹಾಕಿ ಸಾಲಿನಲ್ಲಿ ನಿಂತಿದ್ದ ಅವಳ ಫೋಟೋ ಇತ್ತು. ನಾನು ಅದನ್ನು ನೋಡಿ, "ಸಿಪಾಯಿ ಮನೆಗೆ ಸರಿಯಾದ ಸೊಸೆ," ಎಂದು ನಗಾಡಿದ್ದೆ. ಮುದ್ದೆ ಗಂಟಿಲ್ಲದೆ ಕಟ್ಟುತ್ತೀಯಾ ಎಂದು ಕೇಳಿದ್ದೆ. ಇದು ಯಾಕೆ, ಏನು ಮಾಡಬೇಕು ಅಂತಿದ್ದೀಯ ಎಂದು ಕೇಳಿರಲಿಲ್ಲ. ಕೇಳುವುದು ಉಂಟು ಎನ್ನುವುದೇ ನನಗೆ ಗೊತ್ತಿರಲಿಲ್ಲ. ಅವಳು ಕಾಫಿ ತಟ್ಟೆ ಹಿಡಿದು ಬಾಗಿ ನಿಂತಿದ್ದಳು, ಒಳಗೆಲ್ಲೋ ಈ ಕಾಗದ ಹಸಿ ರುಜುವಿನಲ್ಲಿ ಕುಳಿತಿತ್ತು.

ಮಾರನೆಯ ದಿನ ಅವಳು ಬಂದಾಗ ನಾನು ಹಿತ್ತಲಲ್ಲಿ ಕುಳಿತಿದ್ದೆ. ಅರ್ಜಿಯನ್ನು ಅವಳ ಮುಂದಿಟ್ಟೆ.

"ಇದು ಇತ್ತು ಅಂತ ಯಾಕೆ ಹೇಳ್ಲಿಲ್ಲ ಮಗ? ಅವನ ಆಸೆ ಅಂತ ನಾನು ಬಾಯಿಪಾಠ ಮಾಡ್ಸುವಾಗ್ಲಾದ್ರೂ?"

ಅವಳು ಅರ್ಜಿಯನ್ನು ಮಡಿಸಿ ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಹೇಳಿದ ಮಾತನ್ನು ನಾನು ಇದ್ದ ಹಾಗೇ ಬರೆಯುತ್ತೇನೆ. "ಅವ್ರು ಇದ್ದಿದ್ರೆ ನಂಗೆ ಯಾವ ದಾರೀನೂ ಇರ್ತಿರ್ಲಿಲ್ಲ ಅತ್ತೆ. ಮದುವೆ ಆದ ದಿನ ಎಲ್ಲಾ ಮುಚ್ಚೋಯ್ತು. ಅವ್ರು ಹೋದ್ರು, ತೆರೀತು. ನನ್ನ ಆಸೆ ಅಂತ ಹೇಳಿದ್ರೆ, ಅವ್ರು ಹೋಗಿದ್ದು ನಂಗೆ ಒಳ್ಳೇದಾಯ್ತು ಅಂತ ಹೇಳ್ದಂಗೆ ಆಗಲ್ವಾ? ನಿಮ್ಮ ಮುಂದೆ ಯಾವ ಬಾಯಲ್ಲಿ ಹೇಳ್ಲಿ?"

ಸುಳ್ಳು ಬರೆಯುವುದಿಲ್ಲ. ಆ ಮಾತು ಕೇಳಿದ ಕೂಡಲೇ ನನಗೆ ಅವಳ ಮೇಲೆ ಸಿಟ್ಟು ಬಂತು. ಎದ್ದು ಹೊರಟೆ. ಎಲ್ಲಿಗೆ ಎಂದು ಗೊತ್ತಿಲ್ಲದೆ ಊರ ಬಾಗಿಲ ತನಕ ಹೋದೆ. ಮಾಸ್ತಿಕಲ್ಲಿನ ಎದುರು ಕುಳಿತೆ. ಬಿಸಿಲಿತ್ತು. ಆ ಕೈಯನ್ನೇ ನೋಡಿದೆ. ಎಷ್ಟು ವರ್ಷ ಅದಕ್ಕೆ ಅರಿಸಿನ ಹಚ್ಚಿದ್ದೇನೆ. ಇವಳು ಹೇಳಿದ ಮೇಲೆ ಅದು ನನಗೂ ಬೇರೆ ಥರ ಕಾಣುವುದಿಲ್ಲ, ಯಾರಾದರೂ ಕೇಳಲಿ ಎಂದು ಎತ್ತಿ ಹಿಡಿದ ಕೈ. ಈ ಹುಡುಗಿ ಅಷ್ಟು ದೊಡ್ಡ ಮಾತನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ನನ್ನ ಒಲೆಯ ಮುಂದೆ ಎರಡು ವರ್ಷ ರೊಟ್ಟಿ ತಟ್ಟಿದ್ದಾಳೆ. ಅವನಿಗಾಗಿ ಅತ್ತದ್ದೂ ನಿಜ, ಓಡಿದ್ದೂ ನಿಜ. ಒಂದೇ ಜೀವ ಎರಡನ್ನೂ ಹೇಗೆ ಹೊತ್ತುಕೊಂಡಿತ್ತು? ನನಗೆ ಸಿಟ್ಟು ಇಳಿದದ್ದು ಯಾವಾಗ ಎಂದು ತಿಳಿಯಲಿಲ್ಲ. ಹಳೇಬೀಡಿನ ಗೋಡೆಯ ಮುಂದೆ ನಿಂತಾಗ ಆದ ಹಾಗೆ, ಎದುರಿಗಿದ್ದವಳನ್ನು ಈಗಷ್ಟೇ ನೋಡಿದ ಹಾಗೆ ಆಗಿತ್ತು.

ಮನೆಗೆ ಬಂದೆ. ಅವಳು ಕುಳಿತಲ್ಲೇ ಇದ್ದಳು.

"ಅವನಿಗೆ ಗೊತ್ತಿತ್ತಾ?"

"ಗೊತ್ತಿತ್ತು ಅತ್ತೆ. ಅಟ್ಟ ತುಂಬ್ಸುವಾಗ ಹೇಳ್ದೆ. ನೀನು ಆಫೀಸರ್ ಆಗಿದ್ರೆ ನಾನು ನಿಂಗೆ ಸೆಲ್ಯೂಟ್ ಹೊಡೀಬೇಕಾಗಿತ್ತಲ್ಲೇ, ನಮ್ಮವ್ವ ನನ್ನ ಬಚಾವ್ ಮಾಡಿದ್ಲು ಅಂತ ನಗ್ತಿದ್ರು. ಆಮೇಲೆ ಒಂದ್ ಕಾಯಿ ಎತ್ಕೊಂಡು, ಹೊಡೀತಿದ್ದೆ ಬಿಡು ಅಂದ್ರು."

ಅವನು ಎರಡು ಸಲ ಒಲೆಯ ಮೇಲಕ್ಕೆ ಕಾಯಿ ಎಸೆದದ್ದು ಆಗಲೇ ಇರಬೇಕು.

"ಮೂರನೇದಕ್ಕೆ ಹಾಕು," ಎಂದೆ. "ಅಲ್ಲಿ ನಿನ್ನ ವಿಷಯ ಕೇಳ್ತಾರೆ. ನಿನ್ನ ವಿಷಯ ಹೇಳು."

"ಇದೊಂದೇ ಸಲ ಇರೋದು ಅತ್ತೆ. ಹೋದ್ರೆ?"

"ಹೋದ್ರೆ ನಾಲ್ಕನೇದು ಎಲ್ಲಿಗೂ ಓಡೋಗಲ್ಲ. ಅಲ್ಲಿಗೆ ಹೋದ್ರೂ ಇನ್ಮೇಲೆ ನಿನ್ನ ಬಾಯಲ್ಲೇ ಮಾತಾಡು."

ಆ ದಾರಿಯ ಅರ್ಜಿಯಲ್ಲೂ ಒಂದು ಕಾಲಂ ಇತ್ತು. ಮದುವೆ ಆಗಿದೆಯೇ ಎನ್ನುವ ಕಡೆ ಅವಳು ವಿಧವೆ ಎಂದೇ ತುಂಬಬೇಕಾಯಿತು. ಅವನನ್ನು ಪೂರ್ತಿ ಬಿಟ್ಟು ಹೋಗುವ ದಾರಿ ಎಲ್ಲೂ ಇರಲಿಲ್ಲ. ಅದು ನನಗೆ ಸಮಾಧಾನವೂ ಆಯಿತು, ಸಂಕಟವೂ ಆಯಿತು.

ಮೈಸೂರಿನಲ್ಲಿ ಪರೀಕ್ಷೆ ಬರೆದಳು. ಪಾಸಾದಳು. ಇಂಟರ್‌ವ್ಯೂ ಈ ಸಲ ಭೋಪಾಲಿನಲ್ಲಿ. ನಮ್ಮ ಯಜಮಾನರು ತಾವೇ ಜೊತೆಗೆ ಹೊರಟರು. ಅಲ್ಲಿಯ ಲಾಡ್ಜಿನಲ್ಲಿ ಐದು ದಿನ ಮೊಸರನ್ನ ಹುಡುಕಿಕೊಂಡು ಅಲೆದರಂತೆ. ನಾನು ಏನನ್ನೂ ಹೇಳಿಕೊಡಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಬಂದು ಹೇಳಿದ್ದು ಇಷ್ಟು. ಮೂರು ನಿಮಿಷ ಮಾತಾಡಲು ಚೀಟಿ ಕೊಟ್ಟರಂತೆ, ಅದರಲ್ಲಿ 'ನನ್ನ ಊರಿನ ಬೆಳೆ' ಎಂದಿತ್ತಂತೆ. ಇವಳು ಉಂಡೆ ಕೊಬ್ಬರಿಯ ಬಗ್ಗೆ ಮಾತಾಡಿದಳು. ಕಿವಿಯಲ್ಲಿ ಕೇಳಿ ಕೊಬ್ಬರಿಯಾದದ್ದನ್ನು ತಿಳಿಯುವುದನ್ನು ಹೇಳಿದಾಗ ಪರೀಕ್ಷೆ ಮಾಡುವವರೇ ಬರೆಯುವುದು ನಿಲ್ಲಿಸಿ ಕೇಳಿದರಂತೆ. ಹಗ್ಗ, ಹಲಗೆ ಕೊಟ್ಟು ಭಾರ ದಾಟಿಸಿ ಎಂದಾಗ ಅಟ್ಟಕ್ಕೆ ಕಾಯಿ ತುಂಬಿದ ಮಂಕರಿ ಎಳೆಯುವ ಹಾಗೆ ಎಳೆದಳಂತೆ. ಇಂಟರ್‌ವ್ಯೂನಲ್ಲಿ ಸೈನ್ಯಕ್ಕೆ ಯಾಕೆ ಎಂದು ಕೇಳಿದ್ದಕ್ಕೆ ಕಾಲೇಜಿನ ದಿನದ ಆ ಅರ್ಜಿಯ ವಿಷಯ ಹೇಳಿದಳಂತೆ.

"'ನಿಮ್ಮ ಗಂಡ ಇದ್ದಿದ್ದರೆ' ಅಂತ ಕೇಳಿದ್ರಾ?" ಎಂದೆ.

"ಕೇಳಿದ್ರು. ಅವರು ಇದ್ದಿದ್ದರೆ ನಾನು ಇಲ್ಲಿಗೆ ಬರ್ತಿರ್ಲಿಲ್ಲ, ಇಲ್ಲಿಗೆ ಬರದೇ ಇರೋದನ್ನೇ ಆರಿಸ್ಕೊಳ್ತಿದ್ದೆ ಅಂದೆ. 'ಆದ್ರೆ ಬರ್ಬೇಕು ಅನ್ನೋ ಆಸೆ ನಂದೇ ಸರ್' ಅಂದೆ."

ಕೊನೆಯ ದಿನ ಅವಳ ಎದೆಯ ಮೇಲಿನ ನಂಬರು ಕೂಗಿದರು. ಆಸ್ಪತ್ರೆಯ ತಪಾಸಣೆಯಾಯಿತು. ತಿಂಗಳುಗಟ್ಟಲೆ ಕಾದ ಮೇಲೆ ಪಟ್ಟಿಯಲ್ಲಿ ಹೆಸರು ಬಂತು, ಕೆಳಗಿನ ಕಡೆಯಿಂದ ಹುಡುಕಿದರೆ ಬೇಗ ಸಿಗುವ ಜಾಗದಲ್ಲಿ. ಸಿಕ್ಕಿತಲ್ಲ! ಸುಬೇದಾರರು ಅರಸೀಕೆರೆಯಿಂದ ಬಸ್ಸು ಹತ್ತಿ ಬಂದು ನಮ್ಮ ಜಗುಲಿಯ ಮೇಲೆ ಕುಳಿತು ಅತ್ತರು. ಮಾಸ್ತಿಕಲ್ಲಿನ ಮುದುಕಿ, "ನಾನ್ ಅವತ್ತೇ ಅಂದಿರ್ಲಿಲ್ವಾ," ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಚೆನ್ನೈನ ತರಬೇತಿಗೆ ಹೊರಡುವ ಮೊದಲು ಸೊಸೆ ಅಟ್ಟ ತುಂಬಿಸಿದಳು. ಈ ಸಲ ಅವಳು ಕೆಳಗಿನಿಂದ ಎಸೆದಳು, ಹಿಡಿದವರು ಅವಳ ಮಾವ. ಅವರು ಎಷ್ಟು ಕ್ಯಾಚು ಬಿಟ್ಟರು ಎನ್ನುವುದನ್ನು ಬರೆದರೆ ಬೇಸರ ಮಾಡಿಕೊಳ್ಳುತ್ತಾರೆ. ತರಬೇತಿಯೂ ಹನ್ನೊಂದು ತಿಂಗಳು. "ನಾನ್ ಬರೋಗಂಟ ಇಳಿಸ್ಬೇಡಿ," ಎಂದು ಹೇಳಿ ಹೋದಳು.

ಮೊನ್ನೆ ಅಲ್ಲಿಂದ ಫೋನು ಮಾಡಿದ್ದಳು. ತರಬೇತಿ ಮುಗಿಯುವ ಪೆರೇಡು ಮುಂದಿನ ವಾರ. ಪೆರೇಡಿನ ಮೇಲೆ ಎರಡು ಭುಜಕ್ಕೂ ಮನೆಯವರು ನಕ್ಷತ್ರ ಹಾಕುತ್ತಾರಂತೆ. ಯಾರು ಹಾಕುತ್ತಾರೆ ಎಂದು ಬರೆದುಕೊಡಬೇಕಿತ್ತಂತೆ. ಇವಳು ಒಂದು ಭುಜಕ್ಕೆ ಅವ್ವ, ಇನ್ನೊಂದು ಭುಜಕ್ಕೆ ಅತ್ತೆ ಎಂದು ಬರೆದಿದ್ದಾಳೆ. ಬರೆದುಕೊಳ್ಳುವವರು, ಅತ್ತೆ ಅಂದರೆ ಅಪ್ಪನ ತಂಗಿಯೋ ಎಂದು ಕೇಳಿದರಂತೆ. "ಅಲ್ಲ, ಗಂಡನ ತಾಯಿ," ಎಂದಳಂತೆ. ಅವರು ಒಂದು ಗಳಿಗೆ ತಲೆಯೆತ್ತಿ ನೋಡಿ ಬರೆದುಕೊಂಡರಂತೆ.

ನನಗೆ ಈಗ ಅದೇ ಯೋಚನೆ. ಅಷ್ಟು ಜನರ ಮುಂದೆ ನಕ್ಷತ್ರ ಬೀಳಿಸಿದರೆ? ಇವತ್ತು ಮಧ್ಯಾಹ್ನ ಮಗನ ಯೂನಿಫಾರಂ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆದೆ. ತೋಳಿನ ಮೇಲೆ ಅವನ ಎರಡು ಪಟ್ಟಿ ಹಾಗೇ ಇದೆ. ಭುಜದ ಪಟ್ಟಿ ಖಾಲಿ. ಅದನ್ನು ಕಂಬದ ಮೊಳೆಗೆ ನನ್ನ ಸೊಸೆಯ ಎತ್ತರಕ್ಕೆ ತೂಗುಹಾಕಿ, ನನ್ನ ಸೀರೆಯ ಪಿನ್ನು ತೆಗೆದುಕೊಂಡು ಆ ಖಾಲಿ ಭುಜದ ಮೇಲೆ ಅಭ್ಯಾಸ ಮಾಡಿದೆ. ಮೊದಲ ಸಲ ಬೆರಳಿಗೆ ಚುಚ್ಚಿಕೊಂಡೆ. ನಾಲ್ಕನೆಯ ಸಲ ಸರಿಯಾಗಿ ಕೂತಿತು.

ಯಜಮಾನರು ಅಟ್ಟದ ಏಣಿಯ ಮೇಲಿದ್ದರು. ಇಳಿಸಬೇಡಿ ಎಂದಿದ್ದಳು, ನೋಡಬೇಡಿ ಎಂದಿರಲಿಲ್ಲವಂತೆ. ಒಂದು ಕಾಯಿ ಎತ್ತಿ ತಮ್ಮ ಕಿವಿಗೆ ಹಿಡಿದು ಅಲ್ಲಾಡಿಸಿದರು. ಆಮೇಲೆ ಬಗ್ಗಿ ನನ್ನ ಕಿವಿಗೆ ಹಿಡಿದರು. ಲೊಡಲೊಡ ಎಂದಿತು.